ತಣ್ಣಗಿದ್ದಾಗ ಹಿಡಿಯದ ಬ್ರೇಕು

ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆರು ವರ್ಷದ ಹಿಂದೆ ಹೆಂಡತಿ ಒಂದು ರೇಸು ಮುಗಿಸಿ, ಹೇಳಿದ್ದಕ್ಕಿಂತ ಮೂರು ದಿನ ತಡವಾಗಿ ಮನೆಗೆ ಬಂದಾಗ, "ಈ ಮನೇಲಿ ಒಂದೋ ಆ ಕಾರಿರಬೇಕು, ಇಲ್ಲ ನಾನಿರಬೇಕು" ಅಂದುಬಿಟ್ಟೆ. ಅವಳು ಅರೆಗಳಿಗೆ ನನ್ನ ಮುಖ ನೋಡಿದಳು. ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡು, ಇನ್ನೂ ಬಿಚ್ಚದಿದ್ದ ಚೀಲವನ್ನು ಹಾಗೇ ಎತ್ತಿಕೊಂಡು, ಕಾರು ಹತ್ತಿ ಹೊರಟುಹೋದಳು. ವಾರ ಕಳೆದರೆ ಬರುತ್ತಾಳೆ ಅಂದುಕೊಂಡೆ. ಬಂದದ್ದು ಐದು ತಿಂಗಳ ಮೇಲೆ, ಅದೂ ನನ್ನ ಗ್ಯಾರೇಜಿಗೆ; ನನ್ನನ್ನು ನೋಡಲು ಅಲ್ಲ, ಬ್ರೇಕ್ ಪ್ಯಾಡ್ ಬದಲಾಯಿಸಿಕೊಳ್ಳಲು.

ಎಂಜಿನ್ನನ್ನು ಅವಳು ಯಾರ ಕೈಗೆ ಬೇಕಾದರೂ ಕೊಡುತ್ತಿದ್ದಳು. ಬ್ರೇಕನ್ನು ಮಾತ್ರ ನನ್ನ ಕೈಗೇ ಕೊಡುತ್ತಿದ್ದಳು. ರೇಸಿನಲ್ಲಿ ಉಳಿದವರೆಲ್ಲ ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ಹಿಂದುಳಿದರೆ, ಇವಳು ಇನ್ನೂ ಮುಂದೆ ಹೋಗಿ ಹಿಡಿದು ಗೆಲ್ಲುತ್ತಿದ್ದಳು. ಅಂಥವಳಿಗೆ ಪೆಡಲಿನ ಕೆಳಗೆ ಏನಿದೆ ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಇರಕೂಡದು. ಗಂಡನಾಗಿ ನಾನು ಬೇಡವಾದರೂ ಮೇಸ್ತ್ರಿಯಾಗಿ ಬೇಕಾಗಿದ್ದೆ. ಅಷ್ಟಾದರೂ ಉಳಿಯಿತಲ್ಲ ಅಂತ ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಬ್ರೇಕಿನ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಲು ಇಬ್ಬರು ಬೇಕು. ನಾನು ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು "ತುಳಿ" ಅನ್ನುವುದು, ಅವಳು ಒಳಗಿನಿಂದ "ತುಳಿದೆ" ಅನ್ನುವುದು. "ಹಿಡಿದಿರು." "ಹಿಡಿದಿದ್ದೀನಿ." "ಬಿಡು." "ಬಿಟ್ಟೆ." ಬೇರೆಯಾದ ಮೇಲೆ ನಾವು ಆಡಿದ ಮಾತುಗಳಲ್ಲಿ ಬಹುಪಾಲು ಇವೇ. ಗಾಳಿ ಇರಲಿ ಬಿಡಲಿ, ನಾಲ್ಕೂ ಚಕ್ರಕ್ಕೆ ಎರಡೆರಡು ಸಲ ಮಾಡಿಸುತ್ತಿದ್ದೆ. ಅವಳ ದನಿ ಕೇಳಲು ತಿಂಗಳುಗಟ್ಟಲೆ ಕಾಯುತ್ತಿದ್ದೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಪಡಬೇಕಾದದ್ದು ಬೇರೆ ಇದೆ, ಹೇಳುತ್ತೇನೆ.

ಪ್ಯಾಡು ಅಂದರೆ ಅಂಗೈಯಗಲದ ಕಬ್ಬಿಣದ ತಗಡಿಗೆ ಅಂಟಿಸಿದ ಗಟ್ಟಿ ಪದಾರ್ಥ. ಪೆಡಲ್ ಒತ್ತಿದರೆ ಎರಡು ಪ್ಯಾಡುಗಳು ಸೇರಿ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಕಡೆಯಿಂದ ಅಮುಕಿ ಹಿಡಿಯುತ್ತವೆ. ಅವಳ ಕಾರಿಗೆ ಹೊಂದುವ ಪ್ಯಾಡುಗಳು ನನ್ನ ಕಪಾಟಿನಲ್ಲಿ ಎರಡು ಬಗೆಯವು ಇದ್ದವು. ಕೆಂಪು ಡಬ್ಬಿಯದು ರೇಸಿನ ಟ್ರ್ಯಾಕಿಗೆ. ಕಾದು ಹೊಗೆಯಾಡಿದರೂ ಬಿಗಿಯಾಗಿ ಹಿಡಿಯುತ್ತದೆ, ಆದರೆ ತಣ್ಣಗಿದ್ದಾಗ ಜಾರುತ್ತದೆ. ಸವೆಯುವುದೂ ಬೇಗ, ನಾಲ್ಕೈದು ತಿಂಗಳು ಬಂದರೆ ಹೆಚ್ಚು. ನೀಲಿ ಡಬ್ಬಿಯದು ರಸ್ತೆಗೆ. ಮೊದಲ ಒತ್ತಿಗೇ ಹಿಡಿಯುತ್ತದೆ, ಮೂರು ವರ್ಷ ಬಾಳುತ್ತದೆ.

ಎರಡು ವರ್ಷದ ಹಿಂದೆ ಅವಳು ರೇಸು ಬಿಟ್ಟು, ಅದೇ ಟ್ರ್ಯಾಕಿನಲ್ಲಿ ಹೊಸಬರಿಗೆ ಓಡಿಸಲು ಕಲಿಸುವ ಕೆಲಸಕ್ಕೆ ಸೇರಿದಳು. "ಇನ್ಮೇಲೆ ಈ ಕಾರು ಬರೀ ಮನೆಯಿಂದ ಟ್ರ್ಯಾಕಿಗೆ, ಟ್ರ್ಯಾಕಿಂದ ಮನೆಗೆ. ರಸ್ತೆ ಪ್ಯಾಡು ಹಾಕ್ಬಿಡು ಮೇಸ್ತ್ರಿ" ಅಂದಳು. ಆಯಿತು ಅಂದೆ. ಕೈ ನೀಲಿ ಡಬ್ಬಿಗೇ ಹೋಯಿತು. ಡಬ್ಬಿ ಕೈಗೆ ಬಂದಾಗ ಮೂರು ವರ್ಷ ಅನ್ನುವುದು ತಲೆಗೆ ಹೊಕ್ಕಿತು. ಮೂರು ವರ್ಷ ಅವಳು ಈ ಕಡೆ ತಲೆ ಹಾಕುವುದಿಲ್ಲ. ಅದನ್ನು ವಾಪಸ್ ಇಟ್ಟು ಕೆಂಪು ಡಬ್ಬಿ ತೆಗೆದೆ. ಗುರುತು ಸಿಗದಿರಲಿ ಅಂತ ಪ್ಯಾಡಿನ ಬೆನ್ನಿನ ಕೆಂಪು ಬಣ್ಣ ಉಜ್ಜಿ ತೆಗೆದು ಕಪ್ಪು ಬಳಿದೆ. ಹಾಕಿದ್ದು ಯಾವುದು ಅಂತ ಅವಳು ಕೇಳಲಿಲ್ಲ. ಕೇಳುವ ಅಗತ್ಯ ಬೀಳಬಾರದು ಅಂತಲೇ ಅವಳು ನನ್ನ ಹತ್ತಿರ ಬರುತ್ತಿದ್ದದ್ದು.

ಆಮೇಲೆ ನಾಲ್ಕು ಸಲ ಅದನ್ನೇ ಮಾಡಿದೆ. ಇಷ್ಟು ಬೇಗ ಯಾಕೆ ಸವೆಯುತ್ತೆ ಅಂತ ಒಮ್ಮೆ ಕೇಳಿದಳು. "ಡಿಸ್ಕು ಹಳೇದಾಯ್ತಲ್ಲ, ತಿನ್ನುತ್ತೆ" ಅಂದೆ. ತಲೆಯಾಡಿಸಿದಳು. ಎರಡು ಸಲ ಒತ್ತಿದರೆ ಪ್ಯಾಡು ಬಿಸಿಯಾಗುತ್ತದೆ, ಅವಳಂಥ ಚಾಲಕಿಗೆ ಏನಾಗುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವಳು ಬಂದಳು. ನನ್ನ ಲೆಕ್ಕಕ್ಕಿಂತ ಒಂದು ತಿಂಗಳು ಮೊದಲೇ ಬಂದಿದ್ದಳು. ನನ್ನ ಗ್ಯಾರೇಜಿನ ಬಾಗಿಲು ಇಕ್ಕಟ್ಟು, ಅಕ್ಕಪಕ್ಕ ಒಂದೊಂದು ಗೇಣು ಜಾಗ ಉಳಿದರೆ ಹೆಚ್ಚು. ಆದರೂ ಅವಳು ಯಾವಾಗಲೂ ಒಂದೇ ಸಲಕ್ಕೆ ಒಳಗೆ ತಂದು ನಿಲ್ಲಿಸುತ್ತಿದ್ದಳು. ಅವತ್ತು ಕಾರನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬಂದಳು.

ಮುಂದಿನ ಕಟ್ಟೆಯಲ್ಲಿ ಕೂತು ಬಿಡಿಭಾಗ ಕೊಡುವವಳು ನನ್ನ ಅಕ್ಕ. ಕಾಗದದಲ್ಲಿ ನಮ್ಮ ಸಂಬಂಧ ಹರಿದು ಎಷ್ಟೋ ಕಾಲವಾದರೂ ಅವರಿಬ್ಬರ ನಡುವೆ ಏನೂ ಹರಿದಿರಲಿಲ್ಲ.

"ಏನೇ, ಕಾರು ಒಳಗೆ ತರೋದು ಮರೆತುಹೋಯ್ತಾ?" ಅಂತ ಅಕ್ಕ ರೇಗಿಸಿದಳು.

"ಯಾರಾದ್ರೂ ತಂದ್ಬಿಡಿ ಅತ್ತಿಗೆ. ನನ್ ಕೈಲಾಗಲ್ಲ."

ಅವಳ ಬಾಯಲ್ಲಿ ಅಂಥ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಅಕ್ಕ ಸ್ಟೂಲು ಎಳೆದು ಅವಳನ್ನು ಕೂರಿಸಿದಳು.

"ಹೋದ ವಾರ ಬೆಳಗ್ಗೆ ಮನೆಯಿಂದ ಹೊರಟೆ. ಮೊದಲನೇ ತಿರುವು. ಒಬ್ಬರು ವಯಸ್ಸಾದವರು ಕೋಲು ಊರ್ಕೊಂಡು ರಸ್ತೆ ದಾಟ್ತಿದ್ರು. ನಾನು ನೋಡಿದೆ, ಸರಿಯಾದ ಹೊತ್ತಿಗೇ ನೋಡಿದೆ. ತುಳಿದೆ. ಕಾರು ಹೋಗ್ತಾನೇ ಇತ್ತು ಅತ್ತಿಗೆ. ಅವರ ಕೋಲಿಗೆ ತಾಗಿ ನಿಂತ್ಕೊಂಡ್ತು. ಕೋಲು ಬಿದ್ದೋಯ್ತು, ಅವರು ಬೀಳಲಿಲ್ಲ." ತನ್ನ ಬಲಗಾಲನ್ನು ಬೇರೆ ಯಾರದೋ ಕಾಲೇನೋ ಅನ್ನುವ ಹಾಗೆ ನೋಡಿಕೊಂಡಳು. "ಈ ಕಾಲು ಮುಗೀತು. ಒತ್ತಿದೀನಿ ಅಂತ ನಾನು ಅಂದ್ಕೋತೀನಿ, ಅದು ಒತ್ತಿರಲ್ಲ."

"ವಯಸ್ಸೇನಾಗಿದೆ ನಿಂಗೆ?" ಅಂದಳು ಅಕ್ಕ.

"ನಲವತ್ತಾರು. ಶನಿವಾರ ಒಬ್ಬರು ಕಾರು ನೋಡೋಕೆ ಬರ್ತಿದಾರೆ, ಮಾರ್ಬಿಡ್ತೀನಿ. ಟ್ರ್ಯಾಕಿನವರಿಗೂ ಕಾಗದ ಬರೆದಿಟ್ಟಿದೀನಿ, ಮಧ್ಯಾಹ್ನ ಕೊಟ್ಟು ಬರ್ತೀನಿ. ನನ್ ಕಾಲನ್ನೇ ನಾನು ನಂಬದೆ ಇನ್ನೊಬ್ಬರಿಗೆ ಏನು ಕಲಿಸ್ಲಿ?" ಆಮೇಲೆ ನನ್ನ ಕಡೆ ತಿರುಗಿದಳು. "ಕೊಳ್ಳೋರ ಮನೇಲಿ ಚಿಕ್ಕ ಮಕ್ಕಳಿದಾರಂತೆ ಮೇಸ್ತ್ರಿ. ಒಳ್ಳೇ ಪ್ಯಾಡು ಹಾಕ್ಕೊಡು."

ಕಾಲಲ್ಲ, ಪ್ಯಾಡು ಅಂತ ಹೇಳಲು ಒಂದು ಉಸಿರು ಸಾಕಿತ್ತು. ಹೇಳಿದರೆ ಅವಳಿಗೆ ಅವಳ ಕಾಲು ಸಿಗುತ್ತದೆ, ಕೆಲಸ ಉಳಿಯುತ್ತದೆ, ಕಾರು ಉಳಿಯುತ್ತದೆ. ಆದರೆ ಇನ್ನು ಈ ಬಾಗಿಲಿಗೆ ಅವಳು ಬರುವುದಿಲ್ಲ. ನಾನು ಹೇಳಲಿಲ್ಲ. ಕಾರನ್ನು ಒಳಗೆ ತಂದು ಜಾಕ್ ಹಾಕಿದೆ.

ಚಕ್ರ ಬಿಚ್ಚಿ, ಪಿನ್ನು ತಟ್ಟಿ ತೆಗೆದು ಹಳೆಯ ಪ್ಯಾಡುಗಳನ್ನು ಹೊರಗೆಳೆದೆ. ಪ್ಯಾಡು ನೋಡಿದರೆ ಯಾರು ಹೇಗೆ ಓಡಿಸಿದ್ದಾರೆ ಅಂತ ಗೊತ್ತಾಗುತ್ತದೆ. ರೇಸಿನ ದಿನಗಳಲ್ಲಿ ಅವಳ ಪ್ಯಾಡು ಬೂದುಬಣ್ಣಕ್ಕೆ ತಿರುಗಿ ಅಂಚು ಉದುರಿರುತ್ತಿತ್ತು. ಇವು ಗಾಜಿನ ಹಾಗೆ ಮಿರುಗುತ್ತಿದ್ದವು. ಹಾಕಿದ ದಿನ ಬಿಟ್ಟರೆ ಬಿಸಿಯನ್ನೇ ಕಾಣದ, ಆಮೇಲೆ ಯಾವತ್ತೂ ಸರಿಯಾಗಿ ಕಚ್ಚದ ಪ್ಯಾಡುಗಳು. ಡಿಸ್ಕಿನ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರುಗಳಿದ್ದವು. ಎರಡು ವರ್ಷ ನಾನು ಅವಳಿಗೆ ಮಾಡಿದ್ದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಕ್ಕ ನೀಲಿ ಡಬ್ಬಿ ತಂದು ನನ್ನ ಪಕ್ಕ ಇಟ್ಟಳು. ದನಿ ತಗ್ಗಿಸಿ, "ಈ ಸಲ ಕೆಂಪು ಕೇಳ್ಬೇಡ, ನಾನು ಕೊಡಲ್ಲ" ಅಂದಳು.

"ನಿಂಗೆ ಗೊತ್ತಿತ್ತಾ?"

"ಕಪಾಟಿನ ಕೀಲಿ ನನ್ ಹತ್ರ ಇರೋದು. ಯಾವ ಡಬ್ಬಿ ಖಾಲಿಯಾಗ್ತಿದೆ ಅಂತ ಗೊತ್ತಾಗಲ್ವಾ? ಬೇಗ ಸವೀಲಿ, ಅವಳು ಬರ್ತಾ ಇರ್ಲಿ ಅಂತ ಮಾಡ್ತಿದಾನೆ, ಪಾಪ ಅನ್ಕೊಂಡೆ. ನನ್ ತಮ್ಮನ ಕೋಪದ ಒಳಗೆ ಇಷ್ಟು ಪ್ರೀತಿಯೂ ಇದೆ ಅಂತ ಒಳಗೊಳಗೇ ಖುಷೀನೂ ಪಟ್ಟೆ. ಅದು ಚಳೀಲಿ ಹಿಡಿಯಲ್ಲ ಅಂತ ಯಾರು ಕಂಡಿದ್ರು?" ಅವಳ ಕಣ್ಣು ಕೆಂಪಾಗಿತ್ತು. "ನಿಂಗೆ ಗೊತ್ತಿತ್ತಲ್ಲೋ."

ನನಗೆ ಗೊತ್ತಿತ್ತು. ಇಡೀ ಊರಿನಲ್ಲಿ ನನಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿರಲಿಲ್ಲ.

ಹಳೆಯ ಪ್ಯಾಡನ್ನೇ ಅಡ್ಡ ಕೊಟ್ಟು, ಪ್ಯಾಡನ್ನು ತಳ್ಳುವ ಪಿಸ್ಟನ್ನುಗಳನ್ನು ಹಿಂದಕ್ಕೆ ಒತ್ತಿದೆ, ದೂಳು ಒರೆಸಿದೆ, ಡಿಸ್ಕುಗಳನ್ನೂ ಬದಲಾಯಿಸಿದೆ. ಹೊಸ ಪ್ಯಾಡಿನ ಬೆನ್ನಿಗೆ ಮಾತ್ರ ತೆಳ್ಳಗೆ ಗ್ರೀಸು ಸವರಿ, ಮುಖಕ್ಕೆ ಬೆರಳು ತಾಗದಂತೆ ಜಾಗಕ್ಕೆ ಜಾರಿಸಿದೆ. ನಾಲ್ಕೂ ಚಕ್ರ ಮುಗಿದ ಮೇಲೆ ಅಭ್ಯಾಸಬಲದಿಂದ "ಬಾ, ತುಳಿ" ಅಂದೆ.

"ನಾನ್ ತುಳಿಯಲ್ಲ" ಅಂದಳು. ಸ್ಟೂಲಿನಿಂದ ಏಳಲೂ ಇಲ್ಲ.

ಕೊನೆಗೆ ಅಕ್ಕ ಒಳಗೆ ಕೂತಳು. ಅವಳಿಗೆ ಗಾಡಿ ಓಡಿಸಿ ಗೊತ್ತಿಲ್ಲ.

"ತುಳಿ."

"ಯಾವುದನ್ನೋ? ಮೂರಿವೆ ಇಲ್ಲಿ."

"ನಡುವಿಂದು. ತುಳಿ... ಹಿಡಿದಿರು. ಹಿಡಿದಿರು ಅಂದೆ, ಬಿಟ್ಟೆ ಯಾಕೆ?"

"ನೀನು ಕಿರುಚಿದ್ದಕ್ಕೆ ಬಿಟ್ಟೆ."

ಸ್ಟೂಲಿನ ಮೇಲೆ ಕೂತವಳು ಒಂದು ಕ್ಷಣ ನಕ್ಕಳು. ಆ ನಗೆ ಕೇಳಿ ಎಷ್ಟು ಕಾಲವಾಗಿತ್ತು. ನಾನು ಚಕ್ರದ ಹಿಂದೆ ಮುಖ ಮರೆಸಿಕೊಂಡೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹೊಸ ಪ್ಯಾಡು ಹೊಸ ಡಿಸ್ಕಿಗೆ ಕೂರಬೇಕು. ವೇಗವಾಗಿ ಹೋಗಿ ಗಟ್ಟಿಯಾಗಿ ತುಳಿದು, ಇನ್ನೇನು ನಿಲ್ಲುತ್ತದೆ ಅನ್ನುವಾಗ ಬಿಟ್ಟು ಮತ್ತೆ ಓಡಿಸಬೇಕು. ಹೀಗೆ ಹತ್ತು ಸಲ. ಆಮೇಲೆ ಕಾಲು ಗಂಟೆ ಬ್ರೇಕನ್ನು ಮುಟ್ಟದೆ ಓಡಿಸುತ್ತ ತಣಿಸಬೇಕು. ಬಿಸಿಯಲ್ಲಿ ನಿಲ್ಲಿಸಿದರೆ ಪ್ಯಾಡು ಅಂಟಿದ ಜಾಗದಲ್ಲಿ ಡಿಸ್ಕು ಹಾಳು. ಯಾರು ಓಡಿಸುತ್ತಾರೋ ಅವರ ಕಾಲಿನಲ್ಲೇ ಪ್ಯಾಡು ಕೂರಬೇಕು ಅನ್ನುವುದು ನನ್ನ ಗ್ಯಾರೇಜಿನ ಪದ್ಧತಿ. ಆ ಪದ್ಧತಿಯನ್ನು ನಾನು ಯಾರಿಗೂ ಸಡಿಲಿಸಿಲ್ಲ.

"ಓಡಿಸೋದು ನಾನಲ್ಲ, ಕೊಳ್ಳೋರು" ಅಂದಳು.

"ಅವರು ಬರೋದು ಶನಿವಾರ. ಇವತ್ತು ನೀನೇ. ಇಲ್ಲಾಂದ್ರೆ ಪ್ಯಾಡು ಬಿಚ್ಚಿ ತೆಗೀತೀನಿ."

"ಹೋಗಿ ಬಾರೇ. ಅವನು ಪಕ್ಕದಲ್ಲಿರ್ತಾನೆ" ಅಂದಳು ಅಕ್ಕ. ನನ್ನ ಕಡೆ ನೋಡಿದ ನೋಟ ಬೇರೆಯೇ ಇತ್ತು.

ಉಗ್ರಾಣಗಳ ಹಿಂದೆ ಒಂದು ನೇರ ರಸ್ತೆಯಿದೆ. ಬೆಳಗಿನ ಹೊತ್ತು ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಇಷ್ಟು ದಿನ ಈ ಕೆಲಸಕ್ಕೆ ಅವಳು ಒಬ್ಬಳೇ ಹೋಗುತ್ತಿದ್ದಳು. ಆರು ವರ್ಷದ ಮೇಲೆ ನಾನು ಅವಳ ಪಕ್ಕ ಕೂತಿದ್ದೆ. ನನ್ನ ಸೀಟು ಯಾರದೋ ಅಳತೆಗೆ ಮುಂದೆ ಬಂದಿತ್ತು, ಬಹುಶಃ ಅವಳ ಜೊತೆ ಟ್ರ್ಯಾಕಿಗೆ ಹೋಗುವ ಯಾರೋ ಕಲಿಯುವವರದು. ಮೊಣಕಾಲು ಮಡಚಿಕೊಂಡೇ ಕೂತೆ, ಹಿಂದಕ್ಕೆ ಸರಿಸಲಿಲ್ಲ.

ಮೊದಲ ಸಲ ಅವಳು ಎಷ್ಟು ದೂರದಿಂದಲೇ ಬ್ರೇಕ್ ಹಿಡಿದಳೆಂದರೆ, ಕಾರು ಯಾರದೋ ಅಂಗಳಕ್ಕೆ ಕಾಲಿಡುವ ನೆಂಟರ ಹಾಗೆ ಸಂಕೋಚಪಟ್ಟುಕೊಂಡು ನಿಧಾನವಾಯಿತು. ಎರಡನೆಯದೂ ಹಾಗೇ. ಹಣೆಯ ಮೇಲೆ ಆ ಚಳಿಯಲ್ಲೂ ಬೆವರು.

"ಗಟ್ಟಿಯಾಗಿ ತುಳಿ" ಅಂದೆ.

"ತುಳೀತಿದೀನಿ."

"ಇದು ತುಳಿಯೋದಾ? ಇರುವೆ ಸಿಕ್ಕಿದ್ರೂ ಸಾಯಲ್ಲ."

"ಆಗಲ್ಲ ಅಂದ್ನಲ್ಲ!" ಅಂದಳು. "ಆ ಕೋಲು ಬಿದ್ದ ಸದ್ದು ಕೇಳ್ಸುತ್ತೆ ಕಣೋ. ಕಾಲು ಕೆಳಗೇ ಹೋಗಲ್ಲ."

ಈ ಹೆಂಗಸು ಎಷ್ಟೋ ಜನರ ಎದುರು, ಎಂಥೆಂಥ ವೇಗದಲ್ಲಿ, ಕೊನೆಯ ಗಳಿಗೆಯವರೆಗೂ ಕಾಯುತ್ತಿದ್ದಳು. ಅವಳನ್ನು ಈ ಸ್ಥಿತಿಗೆ ತಂದದ್ದು ನಾನು. ನನಗೆ ಅಳು ಬಂತು. ಕೋಪವೂ ಬಂತು, ಈ ಸಲ ಸರಿಯಾದವನ ಮೇಲೆ.

"ನಿನ್ ಕಾಲು ಸರಿಯಾಗೇ ಇದೆ" ಅಂದೆ. "ಕಾರು ನಿಲ್ಲದೇ ಇದ್ದದ್ದು ನನ್ನಿಂದ. ಎರಡು ವರ್ಷದಿಂದ ನಿಂಗೆ ಹಾಕ್ತಿದ್ದದ್ದು ಟ್ರ್ಯಾಕ್ ಪ್ಯಾಡು. ಬಣ್ಣ ಬಳಿದು ಹಾಕಿದೆ. ಚಳೀಲಿ ಅದು ಹಿಡಿಯಲ್ಲ ಅಂತ ಗೊತ್ತಿದ್ದೂ ಹಾಕಿದೆ. ಅವತ್ತು ನೀನು ಸರಿಯಾಗೇ ತುಳಿದಿದ್ದೆ."

ಅವಳು ರಸ್ತೆಯ ತುದಿಯಲ್ಲಿ ಕಾರು ತಿರುಗಿಸಿದಳು. ಗೇರು ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು. ಎದುರಿಗೆ ಉಗ್ರಾಣದ ಗೋಡೆ ದೊಡ್ಡದಾಗುತ್ತ ಬಂತು. ಈಗ ಹಿಡಿಯುತ್ತಾಳೆ ಅಂದುಕೊಂಡೆ, ಹಿಡಿಯಲಿಲ್ಲ. ಈಗ ಅಂದುಕೊಂಡೆ, ಆಗಲೂ ಇಲ್ಲ. ನನ್ನ ಎರಡೂ ಕಾಲು ಇಲ್ಲದ ಪೆಡಲನ್ನು ಹುಡುಕಿದವು. ಆಮೇಲೆ ತುಳಿದಳು. ಬೆಲ್ಟು ಎದೆಗೆ ಕಚ್ಚಿತು, ಕಿಸೆಯಲ್ಲಿದ್ದ ಸ್ಪ್ಯಾನರು ಹಾರಿ ಮುಂದಿನ ಗಾಜಿಗೆ ಬಡಿಯಿತು. ಗೋಡೆಗೆ ಬರೆದಿದ್ದ ಅಂಕಿಗಳನ್ನು ಓದುವಷ್ಟು ಹತ್ತಿರ ಬಂದು, ನಿಲ್ಲುವ ಮೊದಲೇ ಬಿಟ್ಟು, ಕಾರು ಹೊರಳಿಸಿ ಮತ್ತೆ ಹೊರಟಳು. ಉಳಿದವೆಲ್ಲ ಹಾಗೇ. ಒಂದಕ್ಕಿಂತ ಒಂದು ತಡವಾಗಿ, ಒಂದಕ್ಕಿಂತ ಒಂದು ಅಚ್ಚುಕಟ್ಟಾಗಿ. ಕೊನೆಯ ಹೊತ್ತಿಗೆ ಬಿಸಿ ಪ್ಯಾಡಿನ ಘಾಟು ಒಳಗೆಲ್ಲ ತುಂಬಿತ್ತು. ಹೆದರಿ ನನ್ನ ಜೀವ ಬಾಯಿಗೆ ಬಂದಿತ್ತು, ಆದರೆ ಅಷ್ಟು ಸಂತೋಷವಾಗಿ ಎಷ್ಟೋ ವರ್ಷವಾಗಿತ್ತು.

ಹತ್ತು ಮುಗಿದವು. ಇನ್ನು ಕಾಲು ಗಂಟೆ ಬ್ರೇಕ್ ಮುಟ್ಟುವಂತಿಲ್ಲ.

"ನಿನ್ನನ್ನ ಈಗಲೇ ಇಳಿಸಿಬಿಡ್ತಿದ್ದೆ" ಅಂದಳು ಹಲ್ಲು ಕಚ್ಚಿ. "ಡಿಸ್ಕು ಹಾಳಾಗುತ್ತೆ ಅಂತ ಸುಮ್ನಿದೀನಿ."

"ಗೊತ್ತು."

"ಅವರು ಸತ್ತಿದ್ರೆ?"

ಉಗ್ರಾಣದ ಗೇಟಿನಿಂದ ಒಂದು ಲಾರಿ ಅಡ್ಡ ಬಂತು. ಅವಳು ಬ್ರೇಕ್ ಮುಟ್ಟದೆ, ಗೇರಿನಲ್ಲೇ ವೇಗ ಇಳಿಸಿ, ಅದರ ಬದಿಯಿಂದ ನುಣುಚಿಕೊಂಡಳು. ಸುತ್ತು ಹಾಕಿ ಮತ್ತೆ ಅದೇ ರಸ್ತೆಗೆ ಬಂದೆವು.

"ಯಾಕ್ ಮಾಡ್ದೆ?"

"ರಸ್ತೆ ಪ್ಯಾಡು ಮೂರು ವರ್ಷ ಬರುತ್ತೆ. ಮೂರು ವರ್ಷ ನೀನು ಬರಲ್ಲ. ಅದಕ್ಕೆ."

ಆ ಸುತ್ತು ಪೂರ್ತಿ ನಾನು ಗೇರಿನ ಹಿಡಿಯ ಮೇಲಿದ್ದ ಅವಳ ಬೆರಳುಗಳನ್ನೇ ನೋಡುತ್ತ ಕೂತೆ. ಉಗುರಿನ ಸಂದಿಯಲ್ಲಿ ಮೊದಲಿನ ಹಾಗೆಯೇ ಒಂದು ಕರಿ ಗೆರೆ. ಆ ಕೈಯನ್ನು ಹಿಡಿದುಕೊಳ್ಳಬೇಕು ಅನ್ನಿಸಿದ್ದು ಎಷ್ಟು ಜೋರಾಗಿತ್ತೆಂದರೆ, ನನ್ನ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

"ಬಾ ಅಂತ ಒಂದು ಮಾತು ಅಂದಿದ್ರೆ?" ಅಂದಳು ಆಮೇಲೆ. ಸಿಟ್ಟು ಇಳಿದಿತ್ತು. ಆ ತಣ್ಣನೆಯ ದನಿಗಿಂತ ಸಿಟ್ಟೇ ವಾಸಿಯಾಗಿತ್ತು. "ಆರು ವರ್ಷ. ಪ್ರತೀ ಸಲ ಗಾಳಿಯೇ ಇಲ್ಲದ ಪೈಪಿಗೆ ತುಳಿ, ಬಿಡು ಅಂತ ಮಾಡಿಸ್ತಿದ್ದೆ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಈ ಸಲ ಬಾಯಿ ಬಿಡ್ತಾನೆ, ಈ ಸಲ ಬಿಡ್ತಾನೆ ಅಂತ ಕಾಲು ಸೋತು ಹೋಗೋವರೆಗೂ ತುಳೀತಿದ್ದೆ. ಕೀಲಿ ತಗೊಂಡು ಹೋದವಳು ನಾನೇ. ಬಾ ಅನ್ನದೆ ಹೇಗೆ ಬರ್ಲಿ?"

"ಅಂದಿದ್ರೆ ಬರ್ತಿದ್ದೆಯಾ?"

"ಬರ್ತಿದ್ದೆ."

ಅದನ್ನು ಅವಳು ಸಮಯ ಹೇಳುವಷ್ಟು ಸಾದಾ ಆಗಿ ಹೇಳಿದಳು.

"ಈಗ ಬಾ" ಅಂದೆ.

"ಈಗ ಆಗಲ್ಲ. ಬ್ರೇಕಲ್ಲಿ ಸುಳ್ಳು ಹೇಳಿದೋನ ಜೊತೆ ಆಗಲ್ಲ."

ಗಡಿಯಾರ ನೋಡಿಕೊಂಡಳು. ಹದಿನಾರು ನಿಮಿಷ ಆಗಿತ್ತು. ಲೈಟುಕಂಬದ ಪಕ್ಕ, ಹತ್ತಿಯ ಮೇಲೆ ಇಟ್ಟಷ್ಟು ಮೆತ್ತಗೆ ಕಾರು ನಿಲ್ಲಿಸಿದಳು.

"ಇಳಿ."

ಇಳಿದೆ. ಬಾಗಿಲು ಹಾಕದೆ ಹಿಡಿದುಕೊಂಡೇ ನಿಂತೆ. ಅವಳು ಚೀಲದಿಂದ ಟ್ರ್ಯಾಕಿಗೆ ಬರೆದಿದ್ದ ಕಾಗದ ತೆಗೆದು ನಾಲ್ಕು ಚೂರು ಮಾಡಿ ನನ್ನ ಕೈಗೆ ಕೊಟ್ಟಳು, ಎಸೆದುಬಿಡು ಅನ್ನುವ ಹಾಗೆ.

"ಶನಿವಾರದೋರಿಗೆ ಫೋನ್ ಮಾಡಿ ಬೇಡ ಅಂತೀನಿ" ಅಂದಳು. ಎದುರಿನ ರಸ್ತೆಯನ್ನೇ ನೋಡುತ್ತ ಕೇಳಿದಳು: "ಈ ಪ್ಯಾಡು ಎಷ್ಟು ದಿನ ಬರುತ್ತೆ?"

"ಮೂರು ವರ್ಷ."

"ನಿಜ ತಾನೆ?"

"ನಿಜ. ನೀನು ಓಡಿಸೋ ರೀತಿಗೂ ಮೂರು ವರ್ಷ ಬಂದೇ ಬರುತ್ತೆ."

"ಸವೆದಾಗ ತರ್ತೀನಿ" ಅಂದಳು. ಬಾಗಿಲನ್ನು ನನ್ನ ಕೈಯಿಂದ ಎಳೆದು ಹಾಕಿಕೊಂಡು ಹೊರಟಳು.

ಕಾರು ಮರೆಯಾಗುವವರೆಗೂ ನೋಡಿದೆ. ಗ್ಯಾರೇಜಿಗೆ ಅರ್ಧ ಗಂಟೆಯ ದಾರಿ, ನಡೆದೆ. ಎರಡು ವರ್ಷ ಅಂದಿದ್ದರೆ ಏನಾಗುತ್ತಿತ್ತು, ಒಂದೂವರೆ ಅಂದಿದ್ದರೆ ಯಾರಿಗೆ ತಿಳಿಯುತ್ತಿತ್ತು ಅಂತ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.